ಗುಡ್ಡದ ಆಸ್ಪತ್ರೆಯ ಹಿಂಬಾಗಿಲು

ಮಾರ್ಚ್ 4, 1974. ಸೋಮವಾರ

ಮತ್ತೆ ಅದೇ ಕಿರುಹೊತ್ತಿಗೆ. ‘ಅಮೆರಿಕನ್ ಸೇನಾ ಆಸ್ಪತ್ರೆ: ಇತಿಹಾಸ, ಸೌಲಭ್ಯ.’ ಹಾಸಿಗೆ ಇನ್ನೂರ ಹತ್ತು, ಎಕ್ಸ್-ರೇ ಎರಡು, ಹೆರಿಗೆ ವಾರ್ಡಿಗೆ ಏರ್ ಕಂಡೀಷನ್. ಪನಾಮ ಕಾಲುವೆ ತೋಡುತ್ತ ಸತ್ತವರಿಗೆ ಅರ್ಧ ಸಾಲು. ಆಗ ಬಿಳಿಯರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ, ದ್ವೀಪಗಳಿಂದ ದುಡಿಯಲು ಬಂದ ನಮ್ಮ ಕರಿಯರಿಗೆ ಬೆಳ್ಳಿಯದರಲ್ಲಿ; ಬಾಗಿಲಿಗೂ ಅದೇ ಬೋರ್ಡು — ಮುಂದೆ ‘ಚಿನ್ನ’, ಹಿಂದೆ ‘ಬೆಳ್ಳಿ’. ಅದನ್ನೂ ಸೇರಿಸಿದ್ದೆ. ಮೇಜರ್ ಡ್ವಾಯರ್ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ.

“ಬೋರ್ಡು ಕಿತ್ತು ಇಪ್ಪತ್ತು ವರ್ಷ ಆಯ್ತು ಮಿಸ್ ಬೆಕ್‌ಫರ್ಡ್. ವಾರ್ಷಿಕೋತ್ಸವದ ಪುಸ್ತಕದಲ್ಲಿ ಹಳೇ ಗಾಯ ಯಾಕೆ ಕೆರೀತೀರಿ?”

ಬದಲಿಗೆ ಹೇಳಿ ಬರೆಸಿದ್ದು: ‘ಇಂದು ಎಲ್ಲರಿಗೂ ಒಂದೇ ಬಾಗಿಲು.’ ಟೈಪ್ ಮಾಡಿದ್ದು ಈ ಬೆರಳುಗಳೇ. ಥೂ.

ಮಾರ್ಚ್ 6

ಅಜ್ಜಿಗೆ ಎದೆ ಹಿಡಿಯುತ್ತಿದೆ. ನಾಲ್ಕು ಮೆಟ್ಟಿಲು ಹತ್ತಲಾರಳು. ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಅವರ ಕೀವು, ರಕ್ತ ಒಗೆದವಳು... ನಿವೃತ್ತರಿಗೆ ಚಿಕಿತ್ಸೆ ಇಲ್ಲವಂತೆ. ಕ್ರಾಂತಿಯ ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ನುಂಗಿಕೊಂಡು ಮೇಜರನ ಮುಂದೆ ಕೈಕಟ್ಟಿ ನಿಂತೆ. ‘ದಯವಿಟ್ಟು ಸರ್.’ ಹೃದಯದ ಡಾಕ್ಟರು ಬರುವುದು ತಿಂಗಳಿಗೊಮ್ಮೆ. ಹದಿನಾಲ್ಕಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಕೊಟ್ಟ.

ಅಜ್ಜಿಗೆ ನಗು. “ನಿನ್ನ ಕ್ರಾಂತಿನೂ ಸರ್ ಅನ್ನೋಕೆ ಕಲೀತಾ ಮಗಾ?”

ಮಾರ್ಚ್ 14. ಮಧ್ಯಾಹ್ನ

ಎಂಟೂವರೆಯಿಂದ ಮುಂಬಾಗಿಲಲ್ಲಿ ಕಾದೆ. ಒಂಬತ್ತು. ಒಂಬತ್ತೂವರೆ. ಬರಲಿಲ್ಲ. ಹತ್ತೂವರೆಗೆ ಡಾಕ್ಟರ ಕಾರು ಹೊರಟೇಹೋಯಿತು.

ಸಿಕ್ಕಿದ್ದು ಕಟ್ಟಡದ ಹಿಂದೆ. ಇಟ್ಟಿಗೆಯಿಂದ ಮುಚ್ಚಿದ ಹಳೆಯ ಬಾಗಿಲೆದುರು, ಕಸದ ಡ್ರಮ್ಮಿನ ಪಕ್ಕ. ಚರ್ಚಿನ ಹ್ಯಾಟು, ಬಿಳಿ ಕೈಗವಸು, ಮಡಿಲಲ್ಲಿ ಚೀಟಿ. ಉಸಿರು ಸಿಳ್ಳೆ ಹಾಕುತ್ತಿತ್ತು.

“ಇಲ್ಲ್ಯಾಕೆ ಕೂತೆ ಅಜ್ಜಿ!”

“ಕರೀತಾರೆ ಅಂತ.”

“ಗೋಡೆ ಕಾಣ್ಲಿಲ್ವಾ?”

“ಕಾಣ್ತು. ರಿಪೇರಿ ಅಂದ್ಕೊಂಡೆ. ಬೋರ್ಡು ಕಿತ್ರೆ ನಮ್ಮ ಬಾಗಿಲು ಮರ್ತೋಗತ್ತಾ? ಕೂಗಾಡ್ಬೇಡ, ನನ್ನ ಮರ್ಯಾದೆ ತೆಗೀಬೇಡ.”

ಯಾವ ಬಾಗಿಲಿಗೆ ಬರಬೇಕೆಂದು ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ಅಷ್ಟು ಓದಿದ್ದೇನೆ.

ಮೇಜರ್ ಭುಜ ಕುಣಿಸಿದ. “ಎಲ್ರಿಗೂ ಒಂದೇ ಬಾಗಿಲು. ನೀವೇ ಟೈಪ್ ಮಾಡಿದ್ರಲ್ಲ?” ಮುಂದಿನ ಸರದಿ ಏಪ್ರಿಲ್ ಹನ್ನೊಂದು.

ಏಪ್ರಿಲ್ 9. ಆಫೀಸಿನಲ್ಲಿ

ಅಜ್ಜಿಯನ್ನು ಮಣ್ಣು ಮಾಡಿ ಆರು ದಿನ. ಕಿರುಹೊತ್ತಿಗೆಯ ಕರಡಚ್ಚು ಬಂದಿದೆ. ಕೊನೆಯ ತಿದ್ದುಪಡಿ ನನ್ನದು. ಪುಟ ಮೂರು, ಆ ‘ಒಂದೇ ಬಾಗಿಲು’ ಸಾಲು. ಅವನದೇ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದೆ. ಬದಲಿಗೆ: ‘ಇಸ್ಮೇ ಬೆಕ್‌ಫರ್ಡ್, ಲಾಂಡ್ರಿ, ಮೂವತ್ತೊಂದು ವರ್ಷ. ಮುಚ್ಚಿದ ಹಿಂಬಾಗಿಲಲ್ಲಿ ಎರಡು ಗಂಟೆ ಕಾದಳು. ಯಾರೂ ಕರೆಯಲಿಲ್ಲ.’

ಅಚ್ಚಿನ ಮನೆಯವನು ಬಂದು ನಿಂತಿದ್ದಾನೆ, ಲಕೋಟೆಗೆ ಕೈ ಚಾಚಿ. ಕಾರಿಡಾರಿನಲ್ಲಿ ಮೇಜರನ ಬೂಟು. ಅಂಟು ಹಚ್ಚಿಯಾಯಿತು, ಇನ್ನು ಕೊಟ್ಟುಬಿಡುವುದಷ್ಟೇ, ಕೊಟ್ಟು—