ಒಂದೇ ಕೋಣೆ ಬೇಡ, ಅತ್ತೆ

ಅತ್ತೆ,

ಎಲ್ಲಿದ್ದೀರೋ ಅಲ್ಲೇ ಸ್ವಲ್ಪ ಕೂತು ಇದನ್ನು ಓದಿ. ನಿಂತುಕೊಂಡು ಓದುವ ವಿಷಯ ಅಲ್ಲ. ನೀವು ಹೋಗುವ ಹಿಂದಿನ ದಿನ ನನ್ನನ್ನು ಹತ್ತಿರ ಕರೆದು ಕೇಳಿದಿರಲ್ಲ, "ಪದ್ದು, ಅವನನ್ನ ಒಂಟಿ ಮಾಡ್ಬೇಡ ಕಣೇ" ಅಂತ? ಆಗಲಿ ಅಂದೆ. ಸಾಯುವವರ ಎದುರು ಇನ್ನೇನು ಅನ್ನಬೇಕಿತ್ತು? ಆ ಮಾತನ್ನು ಮುರಿದಿದ್ದೇನೆ. ನಿಮ್ಮ ಮಗ ಈಗ ಒಂದು ಕಡೆ, ನಾನು ಒಂದು ಕಡೆ. ಬೇರೆ ಯಾರ ಬಾಯಿಂದಲೋ ನಿಮಗೆ ತಿಳಿಯುವುದು ಬೇಡ ಅಂತ ನಾನೇ ಬರೆಯುತ್ತಿದ್ದೇನೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಮಗ ಹಾಲು ತರಲು ಹೋದವರು ವಾಪಸು ಬರಲಿಲ್ಲ. ಜೀವನ್‌ಬಿಮಾನಗರದ ಅದೇ ಬೀದಿ, ಅದೇ ಅಂಗಡಿ. ಮಧ್ಯಾಹ್ನ ಯಾರೋ ಪುಣ್ಯಾತ್ಮರು ದೊಮ್ಮಲೂರಿನಿಂದ ಕರೆತಂದು ಬಿಟ್ಟರು. ಮರೆವಿನ ಕಾಯಿಲೆ ಅಂದರು ಡಾಕ್ಟರು. ಒಂದೊಂದೇ ಹೋಯಿತು ಅತ್ತೆ. ದುಡಿದ ಫ್ಯಾಕ್ಟರಿಯ ನೆನಪು ಹೋಯಿತು, ಮೊಮ್ಮಗನ ಹೆಸರು ಹೋಯಿತು, ಹಲ್ಲುಜ್ಜುವುದು ಹೇಗೆ ಅನ್ನುವುದೂ ಹೋಯಿತು. ಹೊಡೆಯುವುದು ಮಾತ್ರ ಹೋಗಲಿಲ್ಲ. ಬ್ರಷ್ ಹಿಡಿಯುವುದನ್ನು ದಿನಾ ನಾನು ಹೇಳಿಕೊಡಬೇಕು. ನನ್ನ ಜುಟ್ಟು ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯುಗಾದಿಯ ಹೊತ್ತಿಗೆ ಕುಕ್ಕರ್ ಮುಚ್ಚಳದಿಂದ ಹೊಡೆದ ಏಟಿಗೆ ನನ್ನ ಎಡಗಿವಿ ಕೇಳುವುದು ನಿಂತಿತು.

ಕಿವಿಯ ಸುದ್ದಿ ಕೇಳಿ ನಿಮ್ಮ ಮೊಮ್ಮಗಳು ವೀಣಾ ಪುಣೆಯಿಂದ ಬಂದಳು. ಬಂದವಳೇ ಫೋನಿನಲ್ಲಿ ನಮ್ಮ ಕಡೆಯ ಹಿರಿಯರ ವಸತಿಗಳನ್ನೆಲ್ಲ ಹುಡುಕಿ ಕೂತಳು. ನಿಮ್ಮ ಕಾಲದ ವೃದ್ಧಾಶ್ರಮ ಅಲ್ಲ ಇವು. ಓಡಾಡಿಕೊಂಡಿರುವಾಗ ಸ್ವಂತ ಫ್ಲಾಟು, ಕೈಲಾಗದಾಗ ಸಹಾಯಕರಿರುವ ವಿಭಾಗ, ಹಾಸಿಗೆ ಹಿಡಿದರೆ ನರ್ಸುಗಳಿರುವ ವಿಭಾಗ. ಎಲ್ಲ ಒಂದೇ ಕಾಂಪೌಂಡಿನಲ್ಲಿ. "ಗಂಡ ಹೆಂಡ್ತಿ ಕೊನೇವರೆಗೂ ಒಟ್ಟಿಗೇ ಇರಬಹುದಂತಮ್ಮ" ಅಂದಳು, ಏನೋ ಹಬ್ಬದ ಸುದ್ದಿ ಹೇಳುವವಳ ಹಾಗೆ. ಮದುವೆಯ ದಿನ ಪುರೋಹಿತರು ಹೇಳಿದ್ದೂ ಇದನ್ನೇ ತಾನೇ?

ಗರುಡಾಚಾರ್‌ಪಾಳ್ಯದ ಜಾಗಕ್ಕೆ ಮೊದಲು ಹೋದೆವು. ಆಫೀಸು ಕಟ್ಟಡಗಳ ಹಿಂದೆ, ಬರೀ ಗಾಜು. ಈಜುಕೊಳ ತೋರಿಸಿದರು, ಯೋಗದ ಹಾಲ್ ತೋರಿಸಿದರು. ನನ್ನ ಕಿವಿಯ ವಿಷಯ ವೀಣಾ ಹೇಳಿದ್ದಕ್ಕೆ ಅಲ್ಲಿನ ಹುಡುಗ ನಿಮ್ಮ ಮಗನ ಕಡೆ ನೋಡಿ, ದನಿ ತಗ್ಗಿಸಿ, "ಅಂಕಲ್ ಮೊದ್ಲು ಹೀಗಿರ್ಲಿಲ್ಲ ಅಲ್ವಾ? ಈ ಕಾಯಿಲೆಲಿ ಸಿಟ್ಟು ಸಹಜ" ಅಂದ. "ಇಲ್ಲ ಇಲ್ಲ, ಅಪ್ಪ ಬಂಗಾರದಂಥ ಮನುಷ್ಯ" ಅಂದಳು ವೀಣಾ. ನಾನು ಈಜುಕೊಳ ನೋಡುತ್ತಾ ನಿಂತೆ. ಮರೆವಿನ ಕಾಯಿಲೆ ಜಾಸ್ತಿ ಇರುವವರನ್ನು ಇಟ್ಟುಕೊಳ್ಳುವುದಿಲ್ಲ ಅಂತ ಕೊನೆಗೆ ಹೇಳಿದ, ಕಾಫಿ ಕುಡಿದು ಎದ್ದು ಬಂದೆವು.

ಅವತ್ತಿನ ಅವರೆಕಾಯಿ ನೆನಪಿದೆಯಾ ಅತ್ತೆ? ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲ. ಆಫೀಸು ಬಿಟ್ಟು ಬರುವಾಗ ಶಿವಾಜಿನಗರದಲ್ಲಿ ಇಳಿದು ರಸೆಲ್ ಮಾರುಕಟ್ಟೆಯಿಂದ ತಂದಿದ್ದೆ. ಬಲಿತುಹೋಗಿದೆ, ಕಣ್ಣು ಕಾಣಲ್ವಾ ಅಂತ ನಿಮ್ಮ ಮಗ ಶುರು ಮಾಡಿದರು. ಕತ್ತು ಹಿಡಿದು ಒರಳುಕಲ್ಲಿಗೆ ನನ್ನ ಹಣೆ ಬಡಿದರು. ಎರಡನೇ ಸಲ ಬಡಿಯುವ ಮುಂಚೆ ನೀವು ದೇವರ ಮನೆಯಿಂದ ಕಿರುಚಿಕೊಂಡು ಬಂದಿರಿ. "ಅಯ್ಯೋ, ಮುಟ್ಬೇಡ ಕಣೋ! ಅವಳು ಹೊರಗಾಗಿದ್ದಾಳೆ!" ಕೆಂಡ ತುಳಿದವರ ಹಾಗೆ ಹಾರಿದರು ನಿಮ್ಮ ಮಗ! ಮಡಿ ಅಂದರೆ ಪ್ರಾಣ ಅವರಿಗೆ. ನನ್ನ ಹಣೆಯಿಂದ ರಕ್ತ ಇಳಿಯುತ್ತಿದೆ, ಅವರು ನನ್ನನ್ನು ಮುಟ್ಟಿದ ಮೈಲಿಗೆ ತೊಳೆಯಲು ಬಚ್ಚಲಿಗೆ ಓಡುತ್ತಿದ್ದಾರೆ. ನಾನು ಹೊರಗಾಗಿರಲೇ ಇಲ್ಲ. ನೀವು ನನ್ನನ್ನು ಹಿತ್ತಲ ಕೋಣೆಗೆ ತಳ್ಳಿ, "ಮೂರು ದಿನ ಇಲ್ಲೇ ಬಿದ್ದಿರು, ಗಾಯನೂ ಒಣಗುತ್ತೆ" ಅಂದಿರಿ.

ಆಮೇಲೆ ಅದೇ ನಮ್ಮ ಮನೆಯ ಪದ್ಧತಿಯಾಯಿತು. ಅವರ ಮುಖ ಕೆಂಪೇರಿದರೆ ಸಾಕು, ನೀವು ಕೂಗುತ್ತಿದ್ದಿರಿ, ನಾನು ಹಿತ್ತಲು ಸೇರುತ್ತಿದ್ದೆ. ತಿಂಗಳಿಗೆ ಎಷ್ಟು ಸಲ ಅಂತ ಲೆಕ್ಕ ಇಟ್ಟವರಾರು! ಒಂದು ಸಲ ಅವರಿಗೇ ಅನುಮಾನ ಬಂದು, "ಮೊನ್ನೆ ತಾನೇ ಆಗಿದ್ಲಲ್ಲ?" ಅಂದಾಗ ನೀವು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಹೆಂಗಸರ ಮೈ ನಿನ್ನ ಫ್ಯಾಕ್ಟರಿ ಸೈರನ್ ಅಲ್ಲ ಕಣೋ, ಹೊತ್ತಿಗೆ ಸರಿಯಾಗಿ ಕೂಗಕ್ಕೆ" ಅಂದಿರಿ. ಹಿತ್ತಲಲ್ಲಿ ಚಾಪೆಯ ಮೇಲೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ, ತುಟಿ ಹರಿದಿದ್ದರೂ ನಕ್ಕೆ. ಆದರೆ ಒಂದು ವಯಸ್ಸಿಗೆ ಅದೂ ನಿಲ್ಲುತ್ತದಲ್ಲ. ನಿಂತ ಮೇಲೆ ನಿಮ್ಮ ಬಳಿ ಬೇರೆ ಉಪಾಯ ಇರಲಿಲ್ಲ. ನನ್ನ ಬಳಿ ಹಿತ್ತಲೂ ಉಳಿಯಲಿಲ್ಲ.

ಕೆ.ಆರ್. ಪುರಂ ದಾಟಿ ಎರಡನೆಯ ಜಾಗ ನೋಡಲು ಹೋದ ದಿನ ಆಗಿದ್ದನ್ನು ಹೇಳಬೇಕು. ಜಾಗ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮರೆವಿನವರಿಗೆ ಬೇರೆ ವಿಭಾಗ, ಹಗಲೂ ರಾತ್ರಿ ನರ್ಸು, ಮೆತ್ತನೆ ಊಟ, ತಪ್ಪಿಸಿಕೊಂಡು ಹೋಗದ ಹಾಗೆ ಗೇಟು. ಅಲ್ಲಿನ ಮ್ಯಾನೇಜರ್ ಹುಡುಗಿ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದಳು. ಜೋಡಿ ಮಂಚ, ಹೊಸ ಬೀರು, ಗೋಡೆಯ ಮೇಲೆ ಹಂಸದ ಚಿತ್ರ. "ದಂಪತಿಗಳನ್ನ ನಾವು ಬೇರೆ ಮಾಡಲ್ಲ ಆಂಟಿ. ಅಂಕಲ್‌ಗೆ ನೀವು ಪಕ್ಕದಲ್ಲಿದ್ರೇನೇ ಧೈರ್ಯ" ಅಂದಳು. ವೀಣಾ ಕಣ್ಣೊರೆಸಿಕೊಂಡಳು. ನಾನು ಬಿಸಿಲು ಬೀಳುತ್ತಿದೆ ಅಂತ ಕಿಟಕಿಯ ಪರದೆ ಎಳೆದೆ. ಅಷ್ಟೇ.

ನಿಮ್ಮ ಮಗ ಜಡೆ ಹಿಡಿದು ಎಳೆದು ಬೀರುವಿಗೆ ನನ್ನ ಮುಖ ಬಡಿದರು. ಬೀರುವಿನ ಕನ್ನಡಿ ಬಿರುಕುಬಿಟ್ಟಿತು, ನನ್ನ ಮುಂದಿನ ಹಲ್ಲು ಮುರಿಯಿತು. ಮ್ಯಾನೇಜರ್ ಹುಡುಗಿ "ಅಂಕಲ್, ಅಂಕಲ್" ಅನ್ನುತ್ತಾ ಬಾಗಿಲಿಗೆ ಹಿಮ್ಮೆಟ್ಟಿದಳು. ವೀಣಾ ಕಲ್ಲಾಗಿ ನಿಂತಳು. ಅವರು ಮೇಜಿನ ಮೇಲಿದ್ದ ಗಾಜಿನ ಜಗ್ಗು ಎತ್ತಿಕೊಂಡು ತಿರುಗಿದರು, ಮತ್ತು ನನಗೆ ಗೊತ್ತಾಯಿತು ಅತ್ತೆ, ಇದು ತಲೆಗೆ ಬಿದ್ದರೆ ಇವತ್ತಿಗೆ ಮುಗಿಯಿತು. ನನ್ನ ಬಾಯಿಂದ ನಿಮ್ಮ ದನಿ ಬಂತು. "ಮುಟ್ಬೇಡಿ! ಹೊರಗಾಗಿದ್ದೀನಿ!"

ಜಗ್ಗು ನೆಲಕ್ಕೆ ಬಿದ್ದು ಪುಡಿಯಾಯಿತು. ಅವರು ಪಂಚೆ ಎತ್ತಿ ಹಿಡಿದುಕೊಂಡು, ಗೋಡೆಗೆ ಅಂಟಿ, "ಸ್ನಾನಕ್ಕೆ ನೀರು... ನೀರಿಡಿ..." ಅಂದರು. ಮಗಳ ಹೆಸರು ನೆನಪಿಲ್ಲದ ಮನುಷ್ಯನಿಗೆ ಅದು ನೆನಪಿತ್ತು. ನಾನೋ, ಮೊಮ್ಮಗನ ಮುಂಜಿ ನೋಡಿದ ಮುದುಕಿ, ಹೊರಗಾಗಿದ್ದೇನಂತೆ! ನಗು ಬಂತು, ನಗಲು ಹೋದರೆ ಬಾಯಿ ತುಂಬ ರಕ್ತ.

ಹತ್ತಿ ತಂದುಕೊಟ್ಟು ಆ ಹುಡುಗಿ, "ಕಾಯಿಲೆ ಆಂಟಿ, ಅವರ ತಪ್ಪಲ್ಲ. ಮೊದ್ಲು ಹೀಗಿರ್ಲಿಲ್ಲ ಅಲ್ವಾ?" ಅಂದಳು. ವೀಣಾ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. "ಕಾಯಿಲೆ ಬಂದಿದ್ದು ಹೋದ ವರ್ಷ ಕಣಮ್ಮ. ಈ ಏಟು ಮದ್ವೆ ಆದ ವಾರದಿಂದ ಇದೆ." ಇಷ್ಟು ಸಣ್ಣ ಮಾತನ್ನು ಇಷ್ಟು ವರ್ಷ ಯಾಕೆ ಒಳಗಿಟ್ಟುಕೊಂಡಿದ್ದೆ, ಯಾರಿಗೋಸ್ಕರ...

ವಾಪಸು ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಕಾರು ಅಲುಗಾಡದೆ ನಿಂತಿತು. ಮುಂದೆ ಡ್ರೈವರ್ ಪಕ್ಕದ ಸೀಟಿನಲ್ಲಿ ನಿಮ್ಮ ಮಗ ನಿದ್ದೆ ಹೋಗಿದ್ದರು. ವೀಣಾ ಮೆಲ್ಲಗೆ, "ಅಜ್ಜಿಗೆ ಮಾತು ಕೊಟ್ಟಿದ್ದೀಯಲ್ಲಮ್ಮ" ಅಂದಳು.

"ನಿಂಗೆ ಗೊತ್ತಿರ್ಲಿಲ್ವಾ ವೀಣಾ?"

ಅವಳು ಕಿಟಕಿಯ ಗಾಜು ಏರಿಸಿದಳು. "ಗೊತ್ತಿತ್ತು. ಟೀವಿ ಸೌಂಡ್ ಜಾಸ್ತಿ ಮಾಡ್ಕೋತಿದ್ದೆ."

"ಹಾಗಾದ್ರೆ ಈಗ ನೀನೇ ಹೇಳು. ಆ ಮಂಚದಲ್ಲಿ ನಾನು ಮಲಗ್ಲಾ?"

ಅವಳು ನನ್ನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತಳು. "ಬೇಡಮ್ಮ. ಬೇಡ್ವೇ ಬೇಡ." ಅವಳ ಮೇಲೆ ಸಿಟ್ಟು ಬರಲಿಲ್ಲ ಅತ್ತೆ, ಮಗು ಅದು ಆಗ. ಸಿಟ್ಟು ಬಂದಿದ್ದು ನಿಮ್ಮ ಮೇಲೆ.

ಹಲಸೂರು ಕೆರೆಯ ಹಿಂದಿನ ಹಳೇ ಬಂಗಲೆಯಲ್ಲಿರುವ ಇನ್ನೊಂದು ವಸತಿಯನ್ನು ನಾನೊಬ್ಬಳೇ ಹೋಗಿ ನೋಡಿ ಬಂದೆ. ಹೆಂಗಸರಿಗೆ ಮಾತ್ರ. ಮಹಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೆಳಗೆ ಹಾಸಿಗೆ ಹಿಡಿದವರಿಗೆ ನರ್ಸು. ಈಜುಕೊಳ ಇಲ್ಲ, ಹಂಸದ ಚಿತ್ರ ಇಲ್ಲ. ಲಿಫ್ಟು ನರಳುತ್ತದೆ, ಸಾರಿಗೆ ಹುಣಸೆಹಣ್ಣು ಸುರಿಯುತ್ತಾರೆ. ಅಲ್ಲಿನ ಮೇಟ್ರನ್ ತಮಿಳಿನವರು. "ಒಬ್ರೇನಾಮ್ಮಾ?" ಅಂದರು. "ಒಬ್ಳೇ" ಅಂದೆ. ಯಾಕೆ, ಯಜಮಾನರು ಎಲ್ಲಿ, ಒಂದೂ ಕೇಳಲಿಲ್ಲ. "ಸರಿಮ್ಮಾ, ಕಾಪಿ ನಾಲ್ಕು ಗಂಟೆಗೆ" ಅಂದರು. ಮಂಚದ ಮೇಲೆ ಸ್ವಲ್ಪ ಒರಗಿ ನೋಡೋಣ ಅಂತ ಮಲಗಿದೆ. ಎಚ್ಚರವಾದಾಗ ಕಾಫಿ ಆರಿತ್ತು, ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ಹಗಲು ಹೊತ್ತಿನಲ್ಲಿ ನಾನು ನಿದ್ದೆ ಮಾಡಿದ್ದು ನಿಮಗೆ ನೆನಪಿದೆಯೇ? ನನಗಂತೂ ಇಲ್ಲ. ಆ ಕೋಣೆಯನ್ನೇ ಹಿಡಿದೆ.

ಸೋಮವಾರ ನಿಮ್ಮ ಮಗನನ್ನು ಕೆ.ಆರ್. ಪುರಂ ಕಡೆಯ ಆ ಜಾಗಕ್ಕೆ ಸೇರಿಸಿದೆವು. ಜೋಡಿ ಮಂಚದ ಕೋಣೆಗಲ್ಲ, ಮರೆವಿನವರ ವಿಭಾಗಕ್ಕೆ. ಅವರಿಗೆ ಬೇಕಾದ ಸೊಳ್ಳೆ ಪರದೆ, ಗಂಧದ ಸೋಪು, ಎಲ್ಲ ಕೊಟ್ಟಿದ್ದೇನೆ. ಅದರಲ್ಲಿ ಕೊರತೆ ಮಾಡಿಲ್ಲ, ಮಾಡುವುದೂ ಇಲ್ಲ. ಹೊರಡುವ ಮುಂಚೆ ಅವರ ಸ್ವೆಟರಿನ ಮೇಲಿನ ಗುಂಡಿ ಬಿಚ್ಚಿಹೋಗಿದ್ದು ಕಂಡಿತು. ಅಭ್ಯಾಸ ಬಿಡುತ್ತದೆಯೇ? ಹಾಕಲು ಬಗ್ಗಿದೆ. ಅವರ ಕೈ ಎದ್ದಿತು. ನಾನು ಎಂದಿನಂತೆ ಕಣ್ಣು ಮುಚ್ಚಿ, ಏಟಿಗೆ ಕೆನ್ನೆ ಬಿಗಿ ಮಾಡಿಕೊಂಡೆ.

ಏಟು ಬೀಳಲಿಲ್ಲ. ಕಣ್ಣು ತೆರೆದರೆ, ಅಲ್ಲಿ ನೋಡಿಕೊಳ್ಳುವ ಮಂಜುಳ ಅನ್ನುವವಳು, ಹೊಸಕೋಟೆ ಕಡೆಯವಳು, ಒಂದು ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನಿಮ್ಮ ಮಗನ ಕೈ ಹಿಡಿದು ನಿಲ್ಲಿಸಿದ್ದಳು. ಕಿರುಚಲಿಲ್ಲ, ಸುಳ್ಳು ಹೇಳಲಿಲ್ಲ. "ತಾತ, ಹೊಡೀಬಾರ್ದು" ಅಂದಳು, ಅಷ್ಟೇ. ಅವರು ಅವಳ ಮುಖ ನೋಡಿದರು. ಕೈ ಇಳಿಸಿದರು. ಇಡ್ಲಿ ತಿಂದರು.

ನಾನು ಅವಳ ತೋಳನ್ನೇ ನೋಡುತ್ತಾ ನಿಂತೆ. ಅವಳೇನು ಪೈಲ್ವಾನ್ ಅಲ್ಲ ಅತ್ತೆ, ಕಡ್ಡಿಯ ಹಾಗಿದ್ದಾಳೆ. ಸೇರುಗಟ್ಟಲೆ ಅಕ್ಕಿ ರುಬ್ಬಿದ ನಿಮ್ಮ ತೋಳು ಅವಳದರ ಎರಡರಷ್ಟಿತ್ತು. ಅವರು ನಿಮ್ಮ ಮಗ, ನಿಮ್ಮ ಮಾತೆಂದರೆ ನಡುಗುತ್ತಿದ್ದರು, ನೀವು ನಿಂತ ಜಾಗದಿಂದ ನನಗೆ ಒಂದೇ ಮಾರು ದೂರ. ನನ್ನನ್ನು ಎಷ್ಟೋ ಸಲ ಬದುಕಿಸಿದಿರಿ, ಅದನ್ನು ಇಲ್ಲ ಅನ್ನುವುದಿಲ್ಲ.

ಆದರೆ ಆ ಕೈ ಹಿಡಿಯಬಹುದಾಗಿತ್ತು, ಅತ್ತೆ. ಹಿಡಿದರೆ ನಿಲ್ಲುತ್ತಿತ್ತು.

ನಿಮ್ಮ ಸೊಸೆ,
ಪದ್ದು