ಉರ್ಪೊ ಬಿಟ್ಟುಕೊಟ್ಟ ಸೌಟು

ಏಪ್ರಿಲ್ ೧೯, ಶನಿವಾರ. ಕೂಗಿ ಕೂಗಿ ಗಂಟಲು ಕಟ್ಟಿದೆ. ನಮ್ಮ ಐಸ್ ಹಾಕಿ ತಂಡ ಫಿನ್ಲೆಂಡಿನ ಕಪ್ ಗೆದ್ದಿತು! ನಾನು ಮ್ಯಾನೇಜರ್ ಆದಂದಿನಿಂದ ಕಾದದ್ದು ಇದಕ್ಕೇ.

ಗೋಲ್‌ಕೀಪರ್ ಯಾಲ್ಮರಿಗೆ ವಯಸ್ಸಾಯಿತು, ಕಳಿಸಿಬಿಡು ಎಂದು ಅಧ್ಯಕ್ಷ ಉರ್ಪೊ ಚಳಿಗಾಲವೆಲ್ಲ ಜೀವ ತಿಂದಿದ್ದ. ‘ಸೋತರೆ ನಾನೇ ಕುರ್ಚಿ ಬಿಡ್ತೀನಿ’ ಎಂದು ಹಟ ಹಿಡಿದಿದ್ದೆ. ಇವತ್ತು ಯಾಲ್ಮರಿ ಒಂದು ಗೋಲನ್ನೂ ಬಿಡಲಿಲ್ಲ.

ಆಮೇಲೆ ಎಲ್ಲರೂ ಸೌನಾದ ಹಬೆಕೋಣೆಯಲ್ಲಿ ಬೆವರುತ್ತ ಕೂತೆವು. ಕಾದ ಕಲ್ಲಿಗೆ ನೀರೆರೆಯುವ ಸೌಟನ್ನು ಉರ್ಪೊ ಯಾರಿಗೂ ಮುಟ್ಟಗೊಡುವವನಲ್ಲ.

‘ನಿನ್ನ ಮುದುಕ ನನ್ನ ಮಾನ ಕಳೆದನಲ್ಲೋ!’ ಎಂದ.

‘ಹೋದ್ರೆ ಹೋಗ್ಲಿ ಬಿಡು ಮಾರಾಯ, ಕಪ್ ಬಂತಲ್ಲ!’

ಅವನು ಸೌಟನ್ನು ನನ್ನ ಕೈಗಿಟ್ಟು ಕೆಳಗಿನ ಹಲಗೆಗೆ ಇಳಿದು ಕೂತ. ಎರೆದೆ ನೋಡು, ಎಲ್ಲರೂ ಬಾಗಿಲಿಗೆ ಓಡುವ ಹಾಗೆ! ಯಾಲ್ಮರಿ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ‘ಇನ್ನೊಂದು ಸೌಟು ಹಾಕಣ್ಣಾ’ ಅಂದ...