ಖುಲ್ಲಾ ಹೋದ ಹೆಸರುಗಳು

ಮಾರ್ಚ್ 3, ಸೋಮವಾರ

ಕಾರ್ಮಿಕ ಸಂಘದ ಕಚೇರಿಯ ಕಸ ಗುಡಿಸಿ ಲ್ಯಾಪ್‌ಟಾಪ್ ಹಚ್ಚಿದೆ. ಹನ್ನೆರಡು ಮೇಲ್. ಹನ್ನೊಂದು ಜಾಹೀರಾತು. ಒಂದು ನಮ್ಮ ವಕೀಲ ಅನಂತರಾಯರದು — 17ಕ್ಕೆ ಲೇಬರ್ ಆಫೀಸಿನಲ್ಲಿ ವಿಚಾರಣೆ, ಸಾಕ್ಷಿಗಳ ಹೊಸ ಪಟ್ಟಿ ಬೇಕು.

ಯಾವ ಪಟ್ಟಿ? ಹೋದ ವಾರ ಅವರಿಗೆ ಮೇಲ್ ಮಾಡಿದ ಒಂಬತ್ತೂ ಹೆಸರು ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಆ ಟವೆಲ್ ಕಾರ್ಖಾನೆಯ ಗೇಟಿನ ಹೊರಗೆ ನಿಂತಿವೆ. ಒಂಬತ್ತು ಹೆಂಗಸರು, ಒಂದೇ ದಿನ ಬರ್ಖಾಸ್ತು. ಕೇಳಿದ್ದೇನು? ಸಂಡಾಸಿಗೆ ಬೀಗ ಹಾಕಬೇಡಿ. ಅಷ್ಟೇ. ಪಾಳಿಗೆ ಒಂದೇ ಸಲ ತೆರೆಯುತ್ತಾರೆ. ಏಳು ತಿಂಗಳ ಬಸುರಿ ರೂಪಾಲಿ ಮಶೀನಿನ ಮುಂದೆಯೇ ಒದ್ದೆಯಾದಳು. ಕೀಲಿ ಹಿಡಿದು ನಿಂತಿದ್ದ ಪಾಳಿಯ ಮೇಲ್ವಿಚಾರಕಿ, ಮುಕಾದಮ್ ಕಸ್ತೂರಬಾಯಿ ನಕ್ಕಳು.

ಮುಕ್ತಾಬಾಯಿ ಮಂದ್ರೂಪದಿಂದ ಬಂದು ಹೊಸ್ತಿಲಲ್ಲೇ ಕೂತಳು. ಪಟ್ಟಿಯ ಮೊದಲ ಹೆಸರು ಆಕೆಯದು.

"ಅಕ್ಕಾ, ನೀವು ಬರದ್ರಿ. ವಕೀಲರು ಓದ್ಯಾರ. ನಡುವ ಯಾಂವ ಭಾಡ್ಯಾ ಓದ್ಯಾನ ಹೇಳ್ರಿ."

ಹೋದ ವಾರದ ಮೇಲ್ ಮತ್ತೆ ತೆರೆದು ನೋಡಿದೆ. ವಕೀಲರದೊಂದೇ ವಿಳಾಸ.

ಸಂಜೆ 5

ಮೆಟ್ಟಿಲಲ್ಲಿ ಸಾತಲಿಂಗಪ್ಪ. ಒಂದು ಕಾಲಕ್ಕೆ ನಮ್ಮ ಜೊತೆ ಲಾಠಿ ತಿಂದವ. ಈ ಮನೆ ಅವನದು. ಮೇಲೆ ಅವನು, ಕೆಳಗೆ ಸಂಘ. ವೈಫೈಯೂ ಅವನದೇ. ಈಗ ಆ ಟವೆಲ್ ಕಾರ್ಖಾನೆಗೇ ಕಾವಲುಗಾರರನ್ನು ಒದಗಿಸುತ್ತಾನೆ. ಹೊಟ್ಟೆಪಾಡು ಅಂತ ನಾವೂ ಸುಮ್ಮನಿದ್ದೆವು.

"ಏನವಾ ಸುವರ್ಣಾ, 17ರ ಸುನಾವಣಿಗಿ ತಯಾರಿ ಜೋರ ನಡದದಲಾ?"

"ಹೂಂ ಅಣ್ಣಾ."

ಒಳಗೆ ಬಂದು ನಿಂತುಬಿಟ್ಟೆ. ತಾರೀಖು ಗೊತ್ತಾದದ್ದು ಇವತ್ತಿನ ಮೇಲ್‌ನಲ್ಲಿ. ಕಾರ್ಖಾನೆಗೆ ನೋಟಿಸು ಇನ್ನೂ ಹೋಗಿಲ್ಲ ಅಂತಲೂ ಅದರಲ್ಲೇ ಇತ್ತು. ಯಾರಿಗೂ ಹೇಳಿಲ್ಲ. ಮುಕ್ತಾಬಾಯಿಗೂ.

ಮಾರ್ಚ್ 5, ಬುಧವಾರ. ಅಕ್ಕಲಕೋಟ

ಲ್ಯಾಪ್‌ಟಾಪ್ ಹೊತ್ತು ಎಸ್‌ಟಿ ಬಸ್ಸು ಹಿಡಿದು ಶ್ರೀಲೇಖಾಳ ಕಂಪ್ಯೂಟರ್ ಕ್ಲಾಸಿಗೆ. ಸಂಘದ ಹಳೇ ಗುಮಾಸ್ತರ ಮಗಳು. ಕನ್ನಡ ಓದಲು ಬರದು, ಮಾತಿನಲ್ಲಿ ಅರ್ಧ ಮರಾಠಿ. ಮೇಲ್ ಪ್ರೋಗ್ರಾಮಿನ ಸೆಟ್ಟಿಂಗ್ಸ್ ತೆರೆದು ಹಣೆ ಬಡಿದುಕೊಂಡಳು.

"ಅಗಬಾಯೀ! ಅಕ್ಕಾ, ಸೆಕ್ಯುರಿಟಿ ಬಂದ್ ಇಟ್ಟಾರ. ಎಲ್ಲಾ ಖುಲ್ಲಾ ಹೊಂಟದ. ಪಾಸ್‌ವರ್ಡ್ ಸುದ್ಧಾ. ಅದ ವೈಫೈದಾಗ ಕುಂತಾಂವ ಆರಾಮ ಹಿಡೀತಾನ. ಒಮ್ಮಿ ಸಿಕ್ತಂದ್ರ ಮುಗೀತು, ರೋಜ್ ಓದ್ತಾನ. ಯಾರ್ರಿ ಇದನ್ನ ಮಾಡಿಕೊಟ್ಟಾರ?"

ಸಾತಲಿಂಗಪ್ಪ. ನಾಲ್ಕು ವರ್ಷದ ಹಿಂದೆ. ನೆನಪಿದೆ... ಪರದೆಯ ಮೇಲೆ ಎಚ್ಚರಿಕೆಯ ಕಿಟಕಿ ತೆರೆದಿತ್ತು. ಎನ್‌ಕ್ರಿಪ್ಶನ್ ಇಲ್ಲ, ಅಪಾಯ ಗೊತ್ತಿದ್ದರೆ ಇಲ್ಲಿ ಗುರುತು ಹಾಕಿ. "ಅಪಾಯಕ್ಕ ಅಂಜೋ ಮಂದಿಯೇನ ನಾವು?" ಅಂದ. ಕೋಣೆ ತುಂಬ ಚಪ್ಪಾಳೆ. ಗುರುತು ಹಾಕಿದ ಕೈ ನನ್ನದು. ಪೊಲೀಸ್ ವ್ಯಾನಿಗೆ ಎದೆ ಕೊಟ್ಟವರಿಗೆ ಬಾಗಿಲಿಗೆ ಅಗಳಿ ಹಾಕುವುದು ಹೇಡಿತನ ಅನಿಸಿತ್ತು. ನಮ್ಮ ಮೆರೆದಾಟಕ್ಕೆ ಒಂಬತ್ತು ಜನರ ಕೆಲಸ ಹೋಯಿತು.

ಮಾರ್ಚ್ 6, ಗುರುವಾರ

ನನ್ನ ಮನೆಯಲ್ಲಿ, ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು, ಶ್ರೀಲೇಖಾ ಹೇಳಿದಂತೆ ನಾನೇ ಮಾಡಿದೆ. ಹೊಸ ಖಾತೆ. ಹೊಸ ಪಾಸ್‌ವರ್ಡ್. ಬರುವ ಮೇಲ್‌ಗೆ ಎಸ್‌ಎಸ್‌ಎಲ್ ಎಂಬ ಬೀಗ, ಪೋರ್ಟ್ 993. ಹೋಗುವುದಕ್ಕೆ 465. ಮೊದಲು ಹಳೇ ಪೋರ್ಟ್ 143 ಹಾಗೇ ಬಿಟ್ಟಿದ್ದೆ, ಗಿರಗಿರ ತಿರುಗಿ ನಿಂತಿತು. ತಿದ್ದಿದೆ. ಸಾಕ್ಷಿಗಳ ಹೊಸ ಪಟ್ಟಿ ಕಳಿಸಿದೆ. ಹೋಯಿತು. ವಕೀಲರ ಫೋನ್: "ಬಂತ್ರಿ." ಇನ್ನೂ ಒಳಗೆ ದುಡಿಯುತ್ತಿರುವ ಹದಿನಾಲ್ಕು ಜನರ ಹೆಸರು ಭದ್ರ.

"ಹಳೇದ್ದು ತಗದ ಒಗೀರಿ ಅಕ್ಕಾ," ಅಂದಿದ್ದಳು ಶ್ರೀಲೇಖಾ.

ಒಗೆಯುವುದಿಲ್ಲ. ಖುಲ್ಲಾನೇ ಇರಲಿ.

ಮಧ್ಯಾಹ್ನ ಕಚೇರಿಗೆ ಹೋದೆ. ಸಾತಲಿಂಗಪ್ಪನ ವೈಫೈ, ಹಳೇ ಖಾತೆ. ಇನ್ನೊಂದು ಪಟ್ಟಿ ಕಳಿಸಿದೆ — ಗುಪ್ತ ಸಾಕ್ಷಿಗಳು, ಬಹಳ ಜೋಪಾನ. ನಾಲ್ಕು ಹೆಸರು. ನಾಲ್ವರೂ ಮ್ಯಾನೇಜರನ ಚೇಲಾಗಳು. ಮೊದಲನೆಯದು ಕಸ್ತೂರಬಾಯಿ. ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ವಕೀಲರಿಗೆ ಮೊದಲೇ ಹೇಳಿದ್ದೆ. ಗೊಣಗಿದರು. ಗೊಣಗಲಿ. ಓದಬೇಕಾದವನು ಓದಲಿ.

ಮಾರ್ಚ್ 12, ಬುಧವಾರ

ನಾಲ್ವರೂ ಗೇಟಿನ ಹೊರಗೆ!

ಮುಕ್ತಾಬಾಯಿ ಪೇಢೆ ತಂದಳು. "ಬೀರೋಬಾ ದೇವ್ರ ಕಣ್ಣ ತಗದಾನ ಅಕ್ಕಾ! ಕಸ್ತೂರಿ ಗೇಟಿನ್ಯಾಗ ಅಳಾಕತ್ತಿದ್ಳು. ನಾ ಏನೂ ಮಾಡಿಲ್ರಿ ಸಾಹೇಬ್ರ, ನಾ ಏನೂ ಮಾಡಿಲ್ರಿ ಅಂತ... ಗೂರ್ಖಾ ಸುದ್ಧಾ ನಗಾಕತ್ತಿದ್ದ."

ಎರಡು ಪೇಢೆ ತಿಂದೆ. ಕನಿಕರ ಎಲ್ಲಾದರೂ ಇದೆಯೇ ಅಂತ ಒಳಗೆ ಹುಡುಕಿದೆ. ಇಲ್ಲ. ಸಾತಲಿಂಗಪ್ಪ ತನ್ನ ಕೈಯಾರೆ ತನ್ನ ಧಣಿಯ ಕಿವಿಗಳನ್ನೇ, ಆ ನಾಲ್ವರನ್ನೇ, ಕೊಯ್ದ. ಅವನಿಗೆ ಇನ್ನೂ ತಿಳಿದಿಲ್ಲ. ವಿಚಾರಣೆಯ ದಿನ ತಿಳಿಯುತ್ತದೆ.

ಮಾರ್ಚ್ 16, ರವಿವಾರ, ಮಧ್ಯಾಹ್ನ 2

ಮನೆಗೇ ಬಂದಳು ಕಸ್ತೂರಬಾಯಿ. ಮುಕ್ತಾಬಾಯಿ ಇದ್ದಳು. ಬಾಗಿಲಲ್ಲೇ ಆಕೆಯ ಮೇಲೆ ನುಗ್ಗಿದಳು.

"ಯಾಕ ಬಂದಿ? ಸಂಡಾಸ ಹಿಂದಗಡಿ ಅದ. ಬೀಗ ಇಲ್ಲ. ಹೋಗಿ ಬಾ."

ಕಸ್ತೂರಬಾಯಿ ನನ್ನನ್ನೇ ನೋಡಿದಳು. "ನಾ ಎಂದೂ ನಿಮ್ಮ ಕಡಿ ಬಂದಾಕಿ ಅಲ್ಲ. ಆದ್ರೂ ಪಟ್ಟಿದಾಗ ನನ್ನ ಹೆಸರ. ಸಾಹೇಬ್ರಿಗಿ ಆಣಿ ಮಾಡಿ ಹೇಳಿದ್ರೂ ನಂಬವಲ್ರು. ನೀವ ಹಾಕೀರಿ."

"ಹೂಂ. ಹಾಕೀನಿ."

"ಸುಳ್ಳ ಹಾಕೀರಿ."

"ಸುಳ್ಳ."

"ಹಂಗಾರ ಖರೇ ಮಾಡ್ರಿ. ಬೀಗ ಹಾಕಂತ ಯಾರ ಹೇಳ್ಯಾರ, ಎಂದ ಹೇಳ್ಯಾರ, ಯಾರ ಮುಂದ ಹೇಳ್ಯಾರ... ನನಗಷ್ಟ ಗೊತ್ತದ. ಬರಕೋರಿ."

"ಬ್ಯಾಡ ಅಕ್ಕಾ!" ಮುಕ್ತಾಬಾಯಿ ಚೀರಿದಳು. "ಈಕಿ ಬಾಯಿಂದ ನಮಗ ನ್ಯಾಯ ಬ್ಯಾಡ!"

ನನಗೂ ಬೇಡ. ಆಕೆ ಬೀದಿಗೆ ಬೀಳಬೇಕಿತ್ತು, ಬಿದ್ದಿದ್ದಾಳೆ. ಆದರೆ ಮ್ಯಾನೇಜರ್ ಇನ್ನೂ ಕುರ್ಚಿಯಲ್ಲಿದ್ದಾನೆ. ನಾಳೆ ಹನ್ನೊಂದಕ್ಕೆ ವಿಚಾರಣೆ. ಮುಕಾದಮ್ ತಾನಾಗಿ ಬೀಗ ಹಾಕಿದಳು, ನನಗೇನೂ ಗೊತ್ತಿಲ್ಲ ಅಂತ ಮೀಸೆ ತಿರುವಿ ಎದ್ದು ಹೋಗುತ್ತಾನೆ.

ಲ್ಯಾಪ್‌ಟಾಪಿನಲ್ಲಿ ಆ ಹೊಸ ಖಾತೆ ತೆರೆದು ವಕೀಲರಿಗೆ ಮೇಲ್ ಶುರು ಮಾಡಿದೆ. ಆಕೆಗೆ ಕುರ್ಚಿ ಕೊಡಲಿಲ್ಲ. ನಿಂತೇ ಹೇಳು ಅಂದೆ. ಮೊದಲು ರೂಪಾಲಿಗೆ ಮಾಡಿದ್ದು, ಆಮೇಲೆ ಸಾಹೇಬನ ಮಾತು.

ಮೂರು ಸಾಲು ಹೇಳಿ ನಿಂತಳು. "ನಕ್ಕಿದ್ದೂ ಬರೀಬೇಕೇನ್ರಿ?"

"ಬರೀಲೇಬೇಕು."

"ಯಾಕ ನಕ್ಕೆ ಅಂದ್ರ—"

"ಯಾಕ ಅನ್ನೂದು ಬ್ಯಾಡ. ನಕ್ಕೆ ಅನ್ನು."

ಗೋಡೆ ಹಿಡಿದು ಅಳುತ್ತಿದ್ದಾಳೆ. ಅಳಲಿ, ಅಷ್ಟರಲ್ಲಿ ಇಷ್ಟು ಇಲ್ಲಿ ಗೀಚಿದೆ. ಮುಕ್ತಾಬಾಯಿ ನೀರು ಕೊಡಲಿಲ್ಲ. ನಾನೂ ಕೊಡಲಿಲ್ಲ.

"ನಕ್ಕೆ" ಅಂದಳು. ಟೈಪ್ ಮಾಡಿದೆ. ಮೂಗು ಒರೆಸಿಕೊಂಡಳು. ಈಗ ಶುರು ಮಾಡುತ್ತಿದ್ದಾಳೆ — "ಮ್ಯಾನೇಜರ ಸಾಹೇಬ್ರು ನನ್ನನ್ನ ಕೇಬಿನ್‌ಗಿ ಕರದು..."

ಡೈರಿ ಸಾಕು. ಎರಡೂ ಕೈ ಬೇಕು ಈಗ, ಒಂದಕ್ಷರವೂ ತಪ್ಪದ ಹಾಗೆ —